ಬೆಂಗಳೂರಿನ ಅಂಗಳದಲ್ಲಿ ಕಾರ್ನೇಷನ್: ನಾನು ಬೆಳೆಸುವುದು ಹೀಗೆ

ಕಾರ್ನೇಷನ್ ಬೇಕು ಅಂತ ನರ್ಸರಿಗೆ ಹೋದರೆ ಅವರೇ ಬೇಡ ಅನ್ನುತ್ತಾರೆ. ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ) ಬೇಕು, ಊಟಿ ಚಳಿ ಬೇಕು, ಸುಮ್ನೆ ದುಡ್ಡು ದಂಡ ಅಂತ. ಮಾರುವುದಕ್ಕೆ ಬೆಳೆಯುವವರ ಮಟ್ಟಿಗೆ ಅದು ನಿಜ. ಆದರೆ ಮನೆಯ ಹೂದಾನಿಗೆ ನಾಲ್ಕು ಹೂ ಸಾಕು ಅನ್ನುವವರಿಗೆ ನಮ್ಮ ಚಳಿಗಾಲವೇ ಧಾರಾಳ. ರಾತ್ರಿ 15 ಡಿಗ್ರಿ ಆಸುಪಾಸು, ಹಗಲು 27ರ ಆಸುಪಾಸು, ಇನ್ನೇನು ಬೇಕು? ಈ ಗಿಡಕ್ಕೆ ನಮ್ಮಲ್ಲಿ ತೊಂದರೆ ಕೊಡುವುದು ಮಳೆ ಮತ್ತು ಏಪ್ರಿಲ್ ಬಿಸಿಲು.

ನಾನು ಶಾಬೋ ತಳಿಯ ಬೀಜದಿಂದ ಶುರು ಮಾಡುತ್ತೇನೆ. ಆಗಸ್ಟ್‌ನಲ್ಲಿ ಟ್ರೇಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಬೀಜ ಉದುರಿಸಿ, ಮೇಲೆ ತೆಳ್ಳಗೆ ಮುಚ್ಚಿದರೆ ಹತ್ತು ದಿನದೊಳಗೆ ಮೊಳಕೆ ಬರುತ್ತದೆ. ಹೂವಿಗೆ ಮಾತ್ರ ಐದಾರು ತಿಂಗಳು ಕಾಯಬೇಕು. ಬೀಜದ ಗಿಡಗಳಲ್ಲಿ ಕೆಲವು ಒಂಟಿ ಸುತ್ತಿನ ಹೂ ಬಿಡುತ್ತವೆ, ಬಣ್ಣವೂ ನಮ್ಮ ಕೈಲಿಲ್ಲ. ಪರವಾಗಿಲ್ಲ, ಲವಂಗದ ಆ ಘಮ ಇದೆಯಲ್ಲ, ಅಂಗಡಿಯ ಬೊಕೆ ಹೂವಿನಲ್ಲಿ ಅದನ್ನು ಹುಡುಕಿದರೂ ಸಿಗುವುದು ಕಷ್ಟ.

ಮಣ್ಣಿನ ವಿಷಯಕ್ಕೆ ಬರೋಣ, ಏಕೆಂದರೆ ಗಿಡ ಸಾಯುವುದೇ ಇಲ್ಲಿ. ನಮ್ಮ ಕೆಂಪು ಮಣ್ಣು ನೀರು ಬಿದ್ದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಅದಕ್ಕೆ ಮಣ್ಣು, ದಪ್ಪ ಮರಳು, ಎರೆಗೊಬ್ಬರ ಮೂರನ್ನೂ ಸಮ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಹಾಕಿ, ಪಾತಿಯನ್ನು ನೆಲದಿಂದ ಒಂದು ಗೇಣು ಎತ್ತರಿಸುತ್ತೇನೆ. ಸಸಿಯನ್ನು ಆಳಕ್ಕೆ ಹೂಳಬೇಡಿ. ಟ್ರೇಯಲ್ಲಿ ಎಷ್ಟು ಮೇಲಿತ್ತೋ ಅಷ್ಟೇ ಇರಲಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಸೈಕ್ಲೋನ್ ಅಂತ ವಾರಗಟ್ಟಲೆ ಜಿಟಿಜಿಟಿ ಹಿಡಿಯುತ್ತದಲ್ವಾ, ಆಗ ನಾಲ್ಕು ಕೋಲು ನೆಟ್ಟು ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಿಬಿಡುತ್ತೇನೆ, ಪಕ್ಕಗಳು ಪೂರ್ತಿ ತೆರೆದೇ ಇರುತ್ತವೆ, ಗಾಳಿ ಆಡದಿದ್ದರೆ ಮಳೆ ತಡೆದೂ ಪ್ರಯೋಜನವಿಲ್ಲ. ನೀರು ಬೆಳಗ್ಗೆ, ಬುಡಕ್ಕೆ ಮಾತ್ರ.

ಆರು ಗೆಣ್ಣು ಬಂದ ಮೇಲೆ ತುದಿ ಚಿವುಟುತ್ತೇನೆ, ಪಕ್ಕದ ಕವಲು ಬರುತ್ತದೆ. ದೊಡ್ಡ ಹೂ ಬೇಕಿದ್ದರೆ ನಡುವಿನ ಮೊಗ್ಗು ಬಿಟ್ಟು ಸುತ್ತಲಿನದನ್ನು ತೆಗೆಯಿರಿ. ಕಡ್ಡಿಗಳು ಬಾಗುತ್ತವೆ, ಬಿದಿರು ಮತ್ತು ಸುತಲಿ ದಾರ ಸಾಕು. ಕೆಲವೊಮ್ಮೆ ಮೊಗ್ಗಿನ ಹಸಿರು ಬಟ್ಟಲು ಒಂದು ಕಡೆ ಸೀಳಿ, ಎಸಳೆಲ್ಲ ಪಕ್ಕಕ್ಕೆ ಜೋತುಬೀಳುತ್ತವೆ. ಹಗಲು ರಾತ್ರಿಯ ಉಷ್ಣತೆಯಲ್ಲಿ ಅಂತರ ಜಾಸ್ತಿಯಾದರೆ ಹೀಗಾಗುತ್ತದೆ, ಬೋರಾನ್ ಕೊರತೆಯೂ ಕಾರಣ. ಮೊಗ್ಗು ಬಣ್ಣ ತೋರುವಾಗಲೇ ಬಟ್ಟಲಿಗೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಿದರೆ ತಡೆಯಬಹುದು. ನೋಡಿದವರು ನಗುತ್ತಾರೆ, ನಗಲಿ.

ಫೆಬ್ರವರಿ ಕೊನೆಗೆ ಒಣ ಗಾಳಿ ಶುರುವಾದರೆ ಎಲೆಯ ಅಡಿಯಲ್ಲಿ ಕೆಂಪು ನುಸಿ ಬರುತ್ತದೆ. ಸಂಜೆ ಬೇವಿನ ಎಣ್ಣೆ ಸಿಂಪಡಿಸುತ್ತೇನೆ, ಎಲೆಯ ಅಡಿಗೆ ಬೀಳಬೇಕು, ಮೇಲೆ ಹೊಡೆದು ಏನೂ ಆಗದು. ಒಂದೇ ಕವಲು ಬಾಡಿ, ಎಲೆ ಬಿಳಚಿಕೊಂಡು, ಆಮೇಲೆ ಗಿಡವೇ ಒಣಗಿದರೆ ಅದು ಸೊರಗು ರೋಗ. ಔಷಧಿ ಹುಡುಕಬೇಡಿ. ಬೇರು ಸಮೇತ ಕಿತ್ತು ಹೊರಗೆ ಹಾಕಿ, ಆ ಜಾಗದಲ್ಲಿ ಮತ್ತೆ ಕಾರ್ನೇಷನ್ ಬೇಡ.

ಬೇಸಿಗೆಗೆ ತಾಯಿಗಿಡ ಸೊರಗುವುದು ಸಹಜ, ಅದನ್ನು ಉಳಿಸಲು ಒದ್ದಾಡುವ ಬದಲು ಫೆಬ್ರವರಿಯಲ್ಲೇ ಆರೋಗ್ಯವಾದ ಗಿಡದ ನಡುಭಾಗದಿಂದ ನಾಲ್ಕು ಇಂಚಿನ ಪಕ್ಕದ ಚಿಗುರು ಮುರಿದು, ಕೆಳಗಿನ ಎಲೆ ಬಿಡಿಸಿ, ಮರಳು ಮತ್ತು ಕೋಕೋಪೀಟ್‌ನಲ್ಲಿ ಊರಿಡುತ್ತೇನೆ. ಮೂರು ನಾಲ್ಕು ವಾರಕ್ಕೆ ಬೇರು. ಇಷ್ಟವಾದ ಬಣ್ಣ ಹಾಗೇ ಉಳಿಯುತ್ತದೆ. ಈ ಪುಟ್ಟ ಕುಂಡಗಳು ಮಳೆಗಾಲದವರೆಗೆ ಪೂರ್ವದ ಗೋಡೆ ಪಕ್ಕ, ಬೆಳಗಿನ ಬಿಸಿಲಷ್ಟೇ ಸಿಗುವ ಕಡೆ ಇರುತ್ತವೆ.

ಹೂವನ್ನು ಅರ್ಧ ಅರಳಿದಾಗ ಬೆಳಗ್ಗೆಯೇ ಕೊಯ್ಯಿರಿ, ವಾರಕ್ಕೂ ಮೀರಿ ಬಾಳುತ್ತದೆ. ಬಾಳೆಹಣ್ಣಿನ ಪಕ್ಕ ಮಾತ್ರ ಇಡಬೇಡಿ. ಹಣ್ಣು ಬಿಡುವ ಅನಿಲವಾದ ಎಥಿಲೀನ್‌ಗೆ ಎಸಳು ಒಳಗೆ ಮುದುಡಿಕೊಳ್ಳುತ್ತದೆ, ಆಮೇಲೆ ನೀರು ಬದಲಿಸಿದರೂ ಬಿಚ್ಚಿಕೊಳ್ಳುವುದಿಲ್ಲ.