ಲಯನ್ ಕಿಂಗ್ ನಾಟಕಕ್ಕೆ ಹೊರಟವರಿಗೆ: ಯಾವ ಸೀಟು, ಎಷ್ಟು ಹೊತ್ತಿಗೆ, ಎಲ್ಲಿ ಕಣ್ಣಿಡಬೇಕು

1994ರ ‘ದಿ ಲಯನ್ ಕಿಂಗ್’ ಕಾರ್ಟೂನ್ ಸಿನಿಮಾವನ್ನು ಕ್ಯಾಸೆಟ್ ಸವೆಯುವಷ್ಟು ಸಲ ನೋಡಿ ಬೆಳೆದ ಮಕ್ಕಳೆಲ್ಲ ಈಗ ಅಪ್ಪ ಅಮ್ಮಂದಿರು. ಅವರಲ್ಲಿ ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದವರು, ಊರಿನಿಂದ ಅಜ್ಜ ಅಜ್ಜಿ ಬಂದಾಗ ಎಲ್ಲರನ್ನೂ ಕಟ್ಟಿಕೊಂಡು ಅದರ ರಂಗರೂಪಕ್ಕೆ ಹೋಗುವುದು ಮಾಮೂಲು. ಟಿಕೆಟ್ ಅಗ್ಗವಲ್ಲ. ಐದಾರು ಜನರ ಲೆಕ್ಕ ಹಾಕಿದರೆ ಎದೆ ಧಸಕ್ಕೆನ್ನುತ್ತದೆ. ಅಷ್ಟು ಕೊಟ್ಟೂ ಆಟದ ಒಳ್ಳೆಯ ಭಾಗವನ್ನೇ ಕಳೆದುಕೊಂಡು ಬರುವವರಿದ್ದಾರೆ. ಕಾರಣ ಸಾಮಾನ್ಯವಾಗಿ ಎರಡೇ: ಸೀಟು ಆರಿಸಿದ್ದು ತಪ್ಪು, ಇಲ್ಲವೇ ಹೋಗಿದ್ದು ತಡ.

ನ್ಯೂಯಾರ್ಕಿನಲ್ಲಿ ಇದು ಶುರುವಾಗಿದ್ದು 1997ರ ನವೆಂಬರಿನಲ್ಲಿ. 2006ರ ಜೂನಿನಿಂದ ಮಿನ್‌ಸ್ಕಾಫ್ ಥಿಯೇಟರಿನಲ್ಲಿದೆ. ಲಂಡನ್ನಿನಲ್ಲಿ 1999ರ ಅಕ್ಟೋಬರಿನಿಂದ ಲೈಸಿಯಂ ಥಿಯೇಟರಿನಲ್ಲಿ. ಕೆಳಗಿನ ಮಾತು ಈ ಎರಡು ಕಡೆಗೆ.

ಸೀಟು

ಮೊದಲ ಹಾಡಿಗೇ ಪ್ರಾಣಿಗಳು ಪ್ರೇಕ್ಷಕರ ನಡುವಿನ ದಾರಿಯಲ್ಲಿ ನಡೆದು ವೇದಿಕೆ ಹತ್ತುತ್ತವೆ. ಆನೆ ಬರುವುದೂ ಆ ದಾರಿಯಲ್ಲೇ. 13 ಅಡಿ ಉದ್ದ, 9 ಅಡಿ ಅಗಲದ ಆನೆ; ಒಂದೊಂದು ಕಾಲಿನೊಳಗೆ ಒಬ್ಬೊಬ್ಬ ಕಲಾವಿದ. ಅದು ಮೊಣಕೈ ಪಕ್ಕದಲ್ಲೇ ಹಾದು ಹೋಗಬೇಕೆಂದರೆ ಕೆಳಗಿನ ಮಟ್ಟದಲ್ಲಿ ಐಲ್ ಸೀಟೇ, ಅಂದರೆ ಆ ದಾರಿಯ ಅಂಚಿನ ಸೀಟೇ ಬೇಕು. ಈ ಮಟ್ಟಕ್ಕೆ ಲಂಡನ್ನಿನಲ್ಲಿ ಸ್ಟಾಲ್ಸ್ ಅನ್ನುತ್ತಾರೆ, ನ್ಯೂಯಾರ್ಕಿನಲ್ಲಿ ಆರ್ಕೆಸ್ಟ್ರಾ. ಬುಕ್ ಮಾಡುವಾಗ ನಕ್ಷೆಯಲ್ಲಿ ಒಂದು ವಿಷಯ ನೋಡಿಕೊಳ್ಳಿ: ಗೋಡೆಗೆ ಅಂಟಿಕೊಂಡ ತುದಿಯ ಸೀಟು ಐಲ್ ಅಲ್ಲ. ಎರಡು ಬ್ಲಾಕ್‌ಗಳ ನಡುವೆ ಹಿಂದಿನ ಬಾಗಿಲಿನಿಂದ ವೇದಿಕೆಯವರೆಗೆ ನೇರ ಹೋಗುವ ದಾರಿಯ ಪಕ್ಕದ್ದು ಬೇಕು.

ಹಾಗಂತ ಎಲ್ಲರಿಗೂ ಸ್ಟಾಲ್ಸೇ ಸರಿ ಎನ್ನುವಂತಿಲ್ಲ. ಆರೇಳು ವರ್ಷದ ಮಗುವಿನ ಮುಂದೆ ಆರಡಿ ಆಳು ಕೂತರೆ ಮುಗಿಯಿತು, ಎರಡೂವರೆ ಗಂಟೆ ಅವನ ತಲೆಯನ್ನೇ ನೋಡಬೇಕು. ಲೈಸಿಯಂನಲ್ಲಿ ಮಕ್ಕಳಿಗೆ ಎತ್ತರದ ಕುಶನ್ ಕೊಡುತ್ತಾರೆ. ಬೇಗ ಹೋದವರಿಗೆ ಸಿಗುತ್ತದೆ. ಕುಶನ್ ನಂಬಿ ಕೂರುವುದಕ್ಕಿಂತ ಮೊದಲ ಮಹಡಿಯ ಮುಂದಿನ ಸಾಲುಗಳು ವಾಸಿ. ಲಂಡನ್ನಿನಲ್ಲಿ ಅದು ರಾಯಲ್ ಸರ್ಕಲ್, ನ್ಯೂಯಾರ್ಕಿನಲ್ಲಿ ಮೆಜ್ಜನೈನ್. ಅಲ್ಲಿಂದ ಮೆರವಣಿಗೆ ಮೈಸೋಕುವಷ್ಟು ಹತ್ತಿರ ಸಿಗದು, ಆದರೆ ಇಡೀ ವೇದಿಕೆ ರಂಗೋಲಿಯ ಹಾಗೆ ಕಣ್ಣೆದುರು ಬಿದ್ದಿರುತ್ತದೆ. ಈ ನಾಟಕದ ಕುಣಿತಗಳನ್ನು ಮೇಲಿನಿಂದ ನೋಡುವುದೇ ಚೆಂದ. ಒಂದೇ ಸಲ ನೋಡುವವರು, ಜೊತೆಗೆ ಚಿಕ್ಕ ಮಕ್ಕಳಿದ್ದರೆ, ಮಹಡಿಯ ಮಧ್ಯಭಾಗವನ್ನೇ ಆರಿಸಿ. ಎರಡನೇ ಸಲ ಹೋದಾಗ ಐಲ್.

ಕೂರಬಾರದ ಜಾಗ ಎಂದರೆ ಕೆಳಮಟ್ಟದ ಕಟ್ಟಕಡೆಯ ಸಾಲುಗಳು. ಮೇಲಿನ ಮಹಡಿ ಚಾವಣಿಯ ಹಾಗೆ ತಲೆ ಮೇಲೆ ಚಾಚಿಕೊಂಡು ವೇದಿಕೆಯ ಮೇಲ್ಭಾಗವನ್ನು ಕತ್ತರಿಸುತ್ತದೆ. ಎರಡನೇ ಅರ್ಧದಲ್ಲಿ ಸತ್ತ ಸಿಂಹರಾಜ ಮುಫಾಸಾನ ಮುಖ ಆಕಾಶದಲ್ಲಿ ಮೂಡುವ ದೃಶ್ಯವಿದೆ. ಅದಕ್ಕೆ ಎತ್ತರ ಬೇಕು. ಲೈಸಿಯಂನ ತುತ್ತತುದಿಯ ಗ್ರ್ಯಾಂಡ್ ಸರ್ಕಲ್ ಅಗ್ಗ, ಆದರೆ ಕಡಿದಾದ ಮೆಟ್ಟಿಲು. ಮಂಡಿನೋವಿನ ಅಜ್ಜಿಯನ್ನು ಅಲ್ಲಿಗೆ ಹತ್ತಿಸಬೇಡಿ. ‘ರೆಸ್ಟ್ರಿಕ್ಟೆಡ್ ವ್ಯೂ’ ಎಂದು ಬರೆದದ್ದು ತಮಾಷೆಗಲ್ಲ, ಅಲ್ಲಿ ನಿಜವಾಗಿಯೂ ಏನೋ ಒಂದು ಅಡ್ಡ ಬರುತ್ತದೆ.

ಟಿಕೆಟ್

ನಾಟಕದ ಅಧಿಕೃತ ವೆಬ್‌ಸೈಟಿನಿಂದಲೇ ಶುರು ಮಾಡಿ. ಎಲ್ಲಿ ಕೊಳ್ಳಬೇಕೆಂಬ ಕೊಂಡಿ ಅಲ್ಲೇ ಇರುತ್ತದೆ. ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತುಗಳು ಬಹಳಷ್ಟು ಸಲ ಮರುಮಾರಾಟದವು, ಅದೇ ಸೀಟಿಗೆ ಹೆಚ್ಚು ದುಡ್ಡು. ಬೆಲೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಶಾಲೆ ರಜೆ, ಕ್ರಿಸ್‌ಮಸ್, ಶನಿವಾರ ದುಬಾರಿ. ಮಂಗಳವಾರ, ಬುಧವಾರ, ಗುರುವಾರ ಇಳಿಯುತ್ತದೆ. ಸೋಮವಾರ ಸಾಮಾನ್ಯವಾಗಿ ಆಟ ಇರುವುದಿಲ್ಲ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಕೆಂಪು ಮೆಟ್ಟಿಲ ಕೆಳಗೆ ರಿಯಾಯಿತಿ ಟಿಕೆಟ್ ಮಾರುವ ಕೌಂಟರ್ ಇದೆ. ಈ ನಾಟಕ ಅಲ್ಲಿ ಸಿಗುವುದು ಅಪರೂಪ, ಅದನ್ನೇ ನಂಬಿ ಕೂರಬೇಡಿ.

ತೊಡೆ ಮೇಲೆ ಕೂರಿಸಿಕೊಂಡರೂ ಮಗುವಿಗೆ ಟಿಕೆಟ್ ಬೇಕು. ಆರು ವರ್ಷ ಮೇಲ್ಪಟ್ಟವರಿಗೆ ಸೂಕ್ತ ಎಂದು ನಾಟಕದವರೇ ಹೇಳುತ್ತಾರೆ. ಲಂಡನ್ನಿನಲ್ಲಿ ಮೂರು ತುಂಬದವರನ್ನು ಒಳಗೇ ಬಿಡುವುದಿಲ್ಲ. ನ್ಯೂಯಾರ್ಕಿನ ಮಿತಿಯನ್ನು ಬುಕ್ ಮಾಡುವಾಗಲೇ ಓದಿಕೊಳ್ಳಿ. ಆಟಿಸಂ ಇರುವ ಮಕ್ಕಳಿಗಾಗಿ ಸದ್ದು ತಗ್ಗಿಸಿ, ದೀಪ ಪೂರ್ತಿ ಆರಿಸದೆ ನಡೆಸುವ ಪ್ರದರ್ಶನಗಳೂ ಇವೆ. ನ್ಯೂಯಾರ್ಕಿನ ರಂಗಮಂದಿರಗಳ ಕೇರಿಯಾದ ಬ್ರಾಡ್‌ವೇಯಲ್ಲಿ ಇಂಥ ಮೊಟ್ಟಮೊದಲ ಪ್ರದರ್ಶನ ನಡೆದದ್ದು 2011ರ ಅಕ್ಟೋಬರಿನಲ್ಲಿ, ಇದೇ ನಾಟಕದ್ದು. ಅವುಗಳ ದಿನಾಂಕ ಮೊದಲೇ ಪ್ರಕಟವಾಗುತ್ತದೆ.

ಹೊತ್ತು

ಏಳೂವರೆಯ ಆಟಕ್ಕೆ ಏಳು ಗಂಟೆಗೆ ಸೀಟಿನಲ್ಲಿರಬೇಕು. ‘ಹತ್ತು ನಿಮಿಷ ಜಾಹೀರಾತು ಹಾಕ್ತಾರೆ ಬಿಡಿ’ ಎನ್ನುವುದು ಸಿನಿಮಾ ಮಂದಿರದ ಲೆಕ್ಕ. ಇಲ್ಲಿ ಮೊದಲ ದೃಶ್ಯಕ್ಕೆ ಪ್ರಾಣಿಗಳು ನಿಮ್ಮ ದಾರಿಯಲ್ಲೇ ಬರುವುದರಿಂದ ತಡವಾದವರನ್ನು ಆ ದಾರಿಗೆ ಬಿಡುವ ಹಾಗಿಲ್ಲ, ಹಿಂದೆ ನಿಲ್ಲಿಸುತ್ತಾರೆ. ಇಡೀ ನಾಟಕದ ಅತಿ ದೊಡ್ಡ ದೃಶ್ಯವನ್ನು ಬಾಗಿಲಾಚೆ ನಿಂತು ಕೇಳಿಸಿಕೊಳ್ಳಬೇಕಾಗುತ್ತದೆ.

ನ್ಯೂಜೆರ್ಸಿಯಿಂದ ಬಸ್ಸಿನಲ್ಲಿ ಬರುವವರು ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಲ್ಲಿ ಇಳಿದರೆ 45ನೇ ಬೀದಿಯ ಮಿನ್‌ಸ್ಕಾಫ್‌ಗೆ ನಡೆದೇ ಹೋಗಬಹುದು. ಕಾರು ತಂದರೆ ಲಿಂಕನ್ ಸುರಂಗದ ಬಾಯಲ್ಲಿ ನಿಂತೇ ಅರ್ಧ ಆಟ ಮುಗಿದೀತು. ಮಿನ್‌ಸ್ಕಾಫ್ ಇರುವುದು ಕಟ್ಟಡದ ಮೂರನೇ ಮಹಡಿಯಲ್ಲಿ. ಬೀದಿ ಬಾಗಿಲಲ್ಲಿ ಚೀಲದ ತಪಾಸಣೆ, ಆಮೇಲೆ ಎಸ್ಕಲೇಟರ್; ಅದಕ್ಕೇ ಹದಿನೈದು ನಿಮಿಷ ಇಟ್ಟುಕೊಳ್ಳಿ. ಲಂಡನ್ನಿನಲ್ಲಿ ಹತ್ತಿರದ್ದು ಕವೆಂಟ್ ಗಾರ್ಡನ್ ನಿಲ್ದಾಣ. ಅಲ್ಲಿ ಲಿಫ್ಟಿಗೆ ಸರದಿ ಇದೆಯೆಂದು ಮೆಟ್ಟಿಲ ಕಡೆ ತಿರುಗಬೇಡಿ. ಸುರುಳಿ ಮೆಟ್ಟಿಲು, ಒಟ್ಟು 193.

ದೊಡ್ಡ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ, ವಿಮಾನ ಇಳಿದು ನೇರ ಬರುವ ಯೋಜನೆ ಬೇಡ. ಚಕ್ಲಿ, ಕೋಡುಬಳೆ ಮನೆಯಲ್ಲೇ ಇರಲಿ. ಆ ನಿಶ್ಶಬ್ದದಲ್ಲಿ ಪ್ಲಾಸ್ಟಿಕ್ ಕವರಿನ ಸರಬರ ಹತ್ತು ಸಾಲಿಗೆ ಕೇಳುತ್ತದೆ. ಸೀರೆ, ಪಂಚೆ ಏನೂ ಉಡಬಹುದು, ಎಸಿಗೆ ಒಂದು ಶಾಲು ಸಾಕು.

ಎಲ್ಲಿ ಕಣ್ಣಿಡಬೇಕು

ಮೊದಲ ದನಿ ರಫೀಕಿಯದು. ಸಿನಿಮಾದಲ್ಲಿ ಗಂಡಾಗಿದ್ದ ಈ ಮುದಿ ಮಂಗ ನಾಟಕದಲ್ಲಿ ಹೆಂಗಸು. ಜೂಲು ಭಾಷೆಯಲ್ಲಿ ಅವಳು ಕೂಗು ಹಾಕಿದ ತಕ್ಷಣ ಎಲ್ಲರೂ ವೇದಿಕೆಯನ್ನೇ ದಿಟ್ಟಿಸುತ್ತಾರೆ. ಮಕ್ಕಳ ಭುಜ ಮುಟ್ಟಿ ‘ಪುಟ್ಟಾ, ಹಿಂದೆ ನೋಡು’ ಎನ್ನಬೇಕಾದ ಹೊತ್ತು ಅದು.

ನಿರ್ದೇಶಕಿ ಜೂಲಿ ಟೇಮರ್ ಇಪ್ಪತ್ತರ ಹರೆಯದಲ್ಲಿ ಕೆಲವು ವರ್ಷ ಇಂಡೊನೇಷ್ಯಾದಲ್ಲಿದ್ದು ಅಲ್ಲಿನ ಬೊಂಬೆಯಾಟ ಕಂಡವರು. ಮೈಕೆಲ್ ಕರಿ ಜೊತೆ ಸೇರಿ ಮುಖವಾಡ, ಬೊಂಬೆಗಳನ್ನು ರೂಪಿಸಿದ್ದೂ ಅವರೇ. 1998ರಲ್ಲಿ ಈ ನಾಟಕಕ್ಕೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಆರು ಬಂದವು, ಸಂಗೀತನಾಟಕದ ನಿರ್ದೇಶನಕ್ಕೆ ಟೋನಿ ಗೆದ್ದ ಮೊದಲ ಹೆಂಗಸು ಟೇಮರ್. ಅವರು ಇಟ್ಟುಕೊಂಡ ನಿಯಮ ಸರಳ: ಆಡಿಸುವವನನ್ನು ಮುಚ್ಚಿಡುವುದಿಲ್ಲ. ನಮ್ಮ ತೊಗಲುಗೊಂಬೆಯಾಟದಲ್ಲಿ ಕಲಾವಿದ ಪರದೆಯ ಹಿಂದಿರುತ್ತಾನೆ. ಇಲ್ಲಿ ಪ್ರಾಣಿಯ ಮುಖ, ಮನುಷ್ಯನ ಮುಖ ಎರಡೂ ಒಟ್ಟಿಗೇ ಕಾಣುತ್ತವೆ. ‘ಅಯ್ಯೋ, ಒಳಗಿರೋ ಮನುಷ್ಯ ಕಾಣ್ತಿದಾನಲ್ಲ’ ಎಂದು ಬೇಸರಪಟ್ಟುಕೊಳ್ಳುವವರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಐದು ನಿಮಿಷ ಮನುಷ್ಯನನ್ನು ನೋಡಿ, ಐದು ನಿಮಿಷ ಪ್ರಾಣಿಯನ್ನು ನೋಡಿ. ಆಮೇಲೆ ಕಣ್ಣು ತಾನೇ ಎರಡನ್ನೂ ಹಿಡಿಯುತ್ತದೆ.

ಚೀತಾವನ್ನೇ ತೆಗೆದುಕೊಳ್ಳಿ. ಬೊಂಬೆಯ ಮುಂಭಾಗ ಕಲಾವಿದೆಯ ಸೊಂಟದಿಂದ ಮುಂದಕ್ಕೆ ಚಾಚಿರುತ್ತದೆ; ಹಿಂಗಾಲುಗಳು ಅವಳವೇ. ಚೀತಾದ ತಲೆಗೂ ಅವಳ ತಲೆಗೂ ದಾರದ ನಂಟು. ಅವಳು ಕತ್ತು ತಿರುಗಿಸಿದರೆ ಚೀತಾ ತಿರುಗುತ್ತದೆ, ಅವಳು ಬಗ್ಗಿಸಿದರೆ ಚೀತಾ ಬಗ್ಗುತ್ತದೆ. ಅದು ಪಂಜ ಎತ್ತಿ ಮುಖ ಒರೆಸಿಕೊಳ್ಳುವಾಗ ಅವಳ ಕೈಯನ್ನು ಗಮನಿಸಿ. ಜಿರಾಫೆಯೊಳಗೆ ಒಬ್ಬನೇ ಕಲಾವಿದ, ಕೈಗಳಿಗೆ ಎರಡು, ಕಾಲುಗಳಿಗೆ ಎರಡು, ಒಟ್ಟು ನಾಲ್ಕು ಮರಗಾಲಿನ ಮೇಲೆ ನಿಂತಿರುತ್ತಾನೆ.

ಮುಫಾಸಾ ಮತ್ತು ಅವನ ತಮ್ಮ ಸ್ಕಾರ್ ನೆಟ್ಟಗೆ ನಿಂತಾಗ ಮುಖವಾಡ ತಲೆಯ ಮೇಲಿರುತ್ತದೆ, ಸಿಟ್ಟು ಬಂದಾಗ ಮುಂದಕ್ಕೆ ಬಾಗಿ ಮುಖದೆದುರು ಇಳಿಯುತ್ತದೆ. ಕೈಯಲ್ಲಿ ಅಡಗಿಸಿಕೊಂಡ ಸ್ವಿಚ್ಚಿನ ಕೆಲಸ ಅದು. ಕಲ್ಲಿನ ಹಾಗೆ ಭಾರ ಕಂಡರೂ ಕಾರ್ಬನ್ ನಾರಿನಿಂದ ಮಾಡಿದ್ದು; ಮುಫಾಸಾನದು ಸುಮಾರು 310 ಗ್ರಾಂ, ಸ್ಕಾರ್‌ನದು 200.

ಕಾಡೆಮ್ಮೆಯಂಥ ವೈಲ್ಡಬೀಸ್ಟ್‌ಗಳ ದಂಡು ಕಣಿವೆಗೆ ನುಗ್ಗುವ ದೃಶ್ಯದಲ್ಲಿ ವೇದಿಕೆಯ ಹಿಂತುದಿಯನ್ನು ನೋಡಿ. ಅಲ್ಲಿ ಬಟ್ಟೆಯ ಸುರುಳಿ ತಿರುಗುತ್ತದೆ, ಅದರ ಮೇಲೆ ಇರುವೆಯಷ್ಟು ಪ್ರಾಣಿಗಳು. ಅದರ ಮುಂದಿನ ಉರುಳೆಗಳ ಮೇಲೆ ಸ್ವಲ್ಪ ದೊಡ್ಡವು, ಇನ್ನೂ ಮುಂದೆ ಇನ್ನೂ ದೊಡ್ಡವು, ಕೊನೆಗೆ ಮುಖವಾಡ ಹಿಡಿದ ಕುಣಿತಗಾರರು ನಿಮ್ಮೆದುರಿಗೇ. ದೂರದಿಂದ ಹತ್ತಿರಕ್ಕೆ ನುಗ್ಗಿ ಬಂದ ಹಾಗೆ ಕಾಣುವುದು ಈ ಗಾತ್ರದ ಲೆಕ್ಕದಿಂದಷ್ಟೇ.

ಸಣ್ಣವನ್ನು ಬಿಟ್ಟುಬಿಡಬೇಡಿ. ಬರಗಾಲ ಬಂದಾಗ ಕೆರೆ ಬತ್ತುವುದನ್ನು ತೋರಿಸಲು ನೆಲದ ಮೇಲೆ ಹಾಸಿದ ದುಂಡನೆಯ ನೀಲಿ ರೇಷ್ಮೆಯನ್ನು ನಡುವಿನ ತೂತಿನಿಂದ ಮೆಲ್ಲಗೆ ಒಳಕ್ಕೆ ಎಳೆಯುತ್ತಾರೆ. ರಾಜ ಸತ್ತಾಗ ಸಿಂಹಿಣಿಯರು ಮುಖವಾಡದ ಕಣ್ಣಿನಿಂದ ಬಿಳಿ ಪಟ್ಟಿ ಎಳೆಯುತ್ತಾರೆ. ಅದೇ ಕಣ್ಣೀರು.

ಇನ್ನು ಕಿವಿಗೆ. ವೇದಿಕೆಯ ಎಡಬಲಗಳಲ್ಲಿ ತಾಳವಾದ್ಯದವರು ಎದುರಿಗೇ ಕಾಣುವಂತೆ ಕೂತಿರುತ್ತಾರೆ. ಚೆಂಡೆ ಮದ್ದಳೆಯವರನ್ನು ರಂಗದ ಮೇಲೇ ಕಂಡು ಬೆಳೆದವರಿಗೆ ಇದು ವಿಶೇಷ ಅನ್ನಿಸಲಿಕ್ಕಿಲ್ಲ, ಆದರೆ ಅವರ ಕೈ ನೋಡುತ್ತಿದ್ದರೆ ಕುಣಿತದ ಹೆಜ್ಜೆ ಚೆನ್ನಾಗಿ ತಿಳಿಯುತ್ತದೆ. ಸಿನಿಮಾದ ಎಲ್ಟನ್ ಜಾನ್, ಟಿಮ್ ರೈಸ್ ಹಾಡುಗಳ ಜೊತೆಗೆ ದಕ್ಷಿಣ ಆಫ್ರಿಕಾದ ಲೆಬೊ ಎಂ ಮೊದಲಾದವರ ಹಾಡುಗಳು ಸೇರಿವೆ. ಜೂಲು, ಕೋಸಾ, ಸೋತೋ, ಸ್ವಾನಾ, ಸ್ವಾಹಿಲಿ ಮಾತುಗಳು ನಡುನಡುವೆ ಬರುತ್ತವೆ. ಅವುಗಳ ಅರ್ಥ ಪ್ರೇಕ್ಷಕರಲ್ಲಿ ಬಹುತೇಕ ಯಾರಿಗೂ ಗೊತ್ತಿರುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ. 1997ರ ಧ್ವನಿಮುದ್ರಿಕೆ ಕೇಳಿಕೊಂಡು ಹೋದವರಿಗೆ ಜಾಜೂ ಹಕ್ಕಿಯ ಬೆಳಗಿನ ವರದಿಯ ಹಾಡು ನ್ಯೂಯಾರ್ಕಿನಲ್ಲಿ ಸಿಗುವುದಿಲ್ಲ. ಅದನ್ನು 2010ರಲ್ಲಿ ಕತ್ತರಿಸಿದರು.

ಮಕ್ಕಳು, ಅಜ್ಜ ಅಜ್ಜಿ

ಸಿನಿಮಾವನ್ನು ಒಂದು ವಾರ ಮುಂಚೆ ತೋರಿಸಿ, ಹಿಂದಿನ ರಾತ್ರಿ ಬೇಡ. ತೀರಾ ಹತ್ತಿರ ನೋಡಿದರೆ ಮಗು ಇಡೀ ಆಟ ‘ಅದರಲ್ಲಿ ಹೀಗಿರಲಿಲ್ಲ’ ಎನ್ನುತ್ತ ಕೂರುತ್ತದೆ. ಆನೆಗಳ ಸ್ಮಶಾನ, ಕತ್ತೆಕಿರುಬಗಳು, ಆಮೇಲೆ ದಂಡು ನುಗ್ಗುವುದು, ಅಪ್ಪನ ಸಾವು, ಇವೆಲ್ಲ ಮಧ್ಯಂತರಕ್ಕಿಂತ ಮುಂಚೆಯೇ ಬರುತ್ತವೆ. ಸದ್ದು ಜೋರು, ಹೊಗೆ ಇದೆ, ಬೆಳಕು ಮಿಂಚುತ್ತದೆ. ಹೆದರುವ ಮಗುವಾದರೆ ‘ಈಗ ಅಪ್ಪ ಸಿಂಹ ಬೀಳತ್ತೆ, ಆಮೇಲೆ ನಗಿಸೋ ಟೀಮೋನ್ ಬರ್ತಾನೆ’ ಎಂದು ಮುಂಚಿತವಾಗಿ ಹೇಳಿಟ್ಟರೆ ಅರ್ಧ ಭಯ ಇಳಿಯುತ್ತದೆ. ಕಿವಿಗೆ ಇಯರ್ ಮಫ್ ಇದ್ದರೂ ಆದೀತು.

ಇಂಗ್ಲಿಷ್ ಓಟ ಹಿಡಿಯಲಾಗದ ಹಿರಿಯರಿಗೆ ಕತೆಯನ್ನು ಬಸ್ಸಿನಲ್ಲೇ ಕನ್ನಡದಲ್ಲಿ ಹೇಳಿ ಮುಗಿಸಿ: ರಾಜ, ರಾಜನ ತಮ್ಮ, ಯುವರಾಜ. ತಮ್ಮ ಅಣ್ಣನನ್ನು ಕೊಂದು ಪಟ್ಟ ಹಿಡಿಯುತ್ತಾನೆ, ಓಡಿಹೋದ ಮಗ ದೊಡ್ಡವನಾಗಿ ಮರಳುತ್ತಾನೆ. ಯಕ್ಷಗಾನ ನೋಡಿದವರಿಗೆ ಇಷ್ಟು ಸಾಕು. ಒಳಗೆ ಕೂತು ಪಿಸುಗುಟ್ಟಿ ಅನುವಾದಿಸಲು ಹೋದರೆ ಹೇಳುವವರಿಗೂ ಇಲ್ಲ, ಕೇಳುವವರಿಗೂ ಇಲ್ಲ, ಪಕ್ಕದವರಿಗಂತೂ ಇಲ್ಲವೇ ಇಲ್ಲ.

ಮಧ್ಯಂತರ ಸೇರಿ ಒಟ್ಟು ಎರಡೂವರೆ ಗಂಟೆ, ಮೊದಲ ಭಾಗವೇ ಗಂಟೆ ಮೀರುತ್ತದೆ. ಶೌಚಾಲಯಕ್ಕೆ ಒಳ ಬಂದ ಕೂಡಲೇ ಎಲ್ಲರೂ ಹೋಗಿ ಬನ್ನಿ. ಮಧ್ಯಂತರದಲ್ಲಿ ಹೆಂಗಸರ ಸರದಿ ಮೆಟ್ಟಿಲವರೆಗೂ ಬೆಳೆದಿರುತ್ತದೆ. ದೀಪ ಬಂದ ತಕ್ಷಣ ಒಬ್ಬರು ಮಗುವನ್ನು ಕರೆದುಕೊಂಡು ಓಡಲಿ, ಇನ್ನೊಬ್ಬರು ಐಸ್‌ಕ್ರೀಂ ಸಾಲಿಗೆ. ಲಂಡನ್ನಿನಲ್ಲಿ ಚಿಕ್ಕ ಡಬ್ಬಿಯ ಐಸ್‌ಕ್ರೀಂ ಕೊಡುತ್ತಾರೆ, ಚಮಚ ಮುಚ್ಚಳದೊಳಗೇ ಇರುತ್ತದೆ. ಅದನ್ನು ಹುಡುಕುತ್ತ ಕೌಂಟರಿಗೆ ವಾಪಸ್ ಹೋಗುವವರು ಪ್ರತಿ ಆಟದಲ್ಲೂ ಇದ್ದೇ ಇರುತ್ತಾರೆ. ಗಂಟೆ ಹೊಡೆಯುವ ಮುಂಚೆಯೇ ಸೀಟಿಗೆ ಮರಳಿ. ಎರಡನೇ ಭಾಗವೂ ಪ್ರೇಕ್ಷಕರ ನಡುವೆಯೇ ಶುರು: ಹಾಡುವವರು ಬಣ್ಣಬಣ್ಣದ ಉಡುಪಿನಲ್ಲಿ ನಿಮ್ಮ ನಡುವೆ ನಿಂತು ಕೋಲಿನ ತುದಿಯ ಹಕ್ಕಿಗಳನ್ನು ಹಾರಿಸುತ್ತಾರೆ.

ಆಟ ಮುಗಿದ ಮೇಲೆ ಅವಸರ ಬೇಡ. ಲೈಸಿಯಂನಿಂದ ಸುಮಾರು ಎರಡು ಸಾವಿರ ಜನ ಒಟ್ಟಿಗೇ ಹೊರಬಿದ್ದು ಬಹಳಷ್ಟು ಮಂದಿ ಕವೆಂಟ್ ಗಾರ್ಡನ್ನಿನ ಅದೇ ಲಿಫ್ಟಿಗೆ ಮುತ್ತುತ್ತಾರೆ. ಹತ್ತು ನಿಮಿಷ ಸೀಟಿನಲ್ಲೇ ಕೂತು, ಆಮೇಲೆ ಸ್ಟ್ರ್ಯಾಂಡ್ ರಸ್ತೆ ಹಿಡಿದು ಚಾರಿಂಗ್ ಕ್ರಾಸಿಗೆ ನಡೆದು ಹೋಗಿ.