ಅಮ್ಮನ ಜೊತೆ ನಂದಿ ಗುಡಿ, ದೇವನಹಳ್ಳಿ ಕೋಟೆ, ವೈನ್ ತೋಟ

ವೈನರಿ ನೋಡೋಕೆ ಹೋಗೋಣ ಅಂದಾಗ ಅಮ್ಮ ಮೊದಲು ಒಪ್ಪಲಿಲ್ಲ. "ಕುಡಿಯೋ ಜಾಗಕ್ಕೆ ನಾನ್ಯಾಕೆ?" ಅಂದರು. "ದ್ರಾಕ್ಷಿ ತೋಟ ಅಮ್ಮ" ಅಂದೆ. ಅಷ್ಟಕ್ಕೇ ಉಡೋಕೆ ಸೀರೆ ತೆಗೆದಿಟ್ಟುಕೊಂಡರು. ಅವರ ತವರು ಚಿಕ್ಕಬಳ್ಳಾಪುರದ ಕಡೆ. ತಾತನಿಗೆ ಬೆಂಗಳೂರು ನೀಲಿ ದ್ರಾಕ್ಷಿಯ ತೋಟ ಇತ್ತು.

ಫೆಬ್ರುವರಿಯಲ್ಲೇ ಹೋಗಬೇಕು ಅಂತ ನಾನು ಹಟ ಹಿಡಿದಿದ್ದೆ. ನಮ್ಮ ಕಡೆ ವೈನ್ ದ್ರಾಕ್ಷಿಯ ಕಟಾವು ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ. ಬಳ್ಳಿಯಲ್ಲಿ ಗೊಂಚಲು ಇಲ್ಲದಿದ್ದರೆ ಏನು ನೋಡೋದು? ವಾರದ ನಡುವಿನ ದಿನ ಆರಿಸಿ ಮೊದಲೇ ಬುಕ್ ಮಾಡಿದೆ. ಹಿಂದೊಮ್ಮೆ ಭಾನುವಾರ ಹೊರಟು, ನಂದಿ ಬೆಟ್ಟದ ದಾರಿಯಲ್ಲಿ ಗಾಡಿಗಳ ಸಾಲಿನಲ್ಲೇ ಅರ್ಧ ದಿನ ಕಳೆದಿದ್ದೆವು. ಈ ಸಲ ಬೆಟ್ಟ ಹತ್ತಲೇ ಇಲ್ಲ. ಕಾರು ಓಡಿಸಲು ತಮ್ಮ ಬಂದ. ಅವನು ವೈನ್ ಮುಟ್ಟೋದಿಲ್ಲ ಅಂತ ಮನೆಯಲ್ಲೇ ಮಾತಾಗಿತ್ತು.

ಬೆಳಿಗ್ಗೆ ಎಂಟಕ್ಕೆ ನಂದಿ ಗ್ರಾಮದ ಭೋಗನಂದೀಶ್ವರ ಗುಡಿಯಲ್ಲಿದ್ದೆವು. ಗುಡಿಗೆ ಮೊದಲು, ವೈನರಿಗೆ ಕೊನೆಗೆ. ಅಮ್ಮನ ಜೊತೆ ಹೋದರೆ ಈ ಕ್ರಮ ತಪ್ಪಿಸೋ ಹಾಗಿಲ್ಲ, ನನಗೂ ಅದೇ ಸರಿ ಅನಿಸಿತು. 9ನೇ ಶತಮಾನದ ಆರಂಭದ ಶಾಸನಗಳಲ್ಲೇ ಈ ಗುಡಿಯ ಹೆಸರಿದೆ. ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರ ಕೈಯೂ ಇಲ್ಲಿ ಬಿದ್ದಿದೆ. ಅರುಣಾಚಲೇಶ್ವರ, ಭೋಗನಂದೀಶ್ವರ ಅಕ್ಕಪಕ್ಕ, ನಡುವೆ ಉಮಾಮಹೇಶ್ವರ. ಅಲ್ಲಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಮುಂದೆ ಸುಮ್ನೆ ನಿಂತುಬಿಟ್ಟೆ. ಬಳ್ಳಿ, ಹಕ್ಕಿ, ಹೆಣ್ಣಿನ ಕೈಬೆರಳು, ಒಂದೊಂದನ್ನೂ ಹತ್ತಿರ ಹೋಗಿ ನೋಡಬೇಕು. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು, ಕಟ್ಟಿಕೊಂಡು ಹೋಗಿದ್ದ ಇಡ್ಲಿ ತಿಂದೆವು. ಇಲ್ಲಿ ಎರಡು ಗಂಟೆ ಬೇಕೇ ಬೇಕು.

ವಾಪಸ್ ಬರುವಾಗ ದೇವನಹಳ್ಳಿ ಕೋಟೆ. 1501ರಲ್ಲಿ ಮಣ್ಣಿನಲ್ಲಿ ಕಟ್ಟಿದ್ದು, ಆಮೇಲೆ ಹೈದರ್ ಅಲಿ ಕಾಲದಲ್ಲಿ ಕಲ್ಲಿನದಾಯಿತು. ಒಳಗೆ ಈಗಲೂ ಜನ ವಾಸ ಇದ್ದಾರೆ. ವೇಣುಗೋಪಾಲಸ್ವಾಮಿ ಗುಡಿಯ ಹೊರಗೋಡೆಯಲ್ಲಿ ರಾಮಾಯಣದ ಕೆತ್ತನೆ ಇದೆ, ನೋಡದೆ ಬರಬೇಡಿ. ಟಿಪ್ಪು ಹುಟ್ಟಿದ ಜಾಗ ಕೋಟೆಯ ಹೊರಗೆ ಹತ್ತಿರದಲ್ಲೇ ಇದೆ. ಬಿಸಿಲು ಏರಿತ್ತು, ಬೇಗ ಮುಗಿಸಿದೆವು.

ಅಲ್ಲಿಂದ ದೊಡ್ಡಬಳ್ಳಾಪುರ ರಸ್ತೆ ಹಿಡಿದು ಗ್ರೋವರ್ ಜಂಪಾ ವೈನರಿಗೆ. ಕನ್ವಲ್ ಗ್ರೋವರ್ 1988ರಲ್ಲಿ ಶುರು ಮಾಡಿದ್ದು. ಫ್ರಾನ್ಸ್ ಮೂಲದ ತಳಿಗಳು ನಂದಿ ಬೆಟ್ಟದ ತಪ್ಪಲಲ್ಲಿ ಬೇರು ಬಿಟ್ಟವು.

ಅಮ್ಮ ಬಳ್ಳಿಗಳ ಹತ್ತಿರ ನಿಂತರು. "ಚಪ್ಪರ ಎಲ್ಲಿ?" ತಾತನ ತೋಟದಲ್ಲಿ ಬಳ್ಳಿ ತಲೆಯ ಮೇಲೆ ಹಬ್ಬಿರುತ್ತಿತ್ತು, ಗೊಂಚಲು ಕೆಳಗೆ ಜೋತಾಡುತ್ತಿತ್ತು. ಇಲ್ಲಿ ಬೇಲಿಯ ಹಾಗೆ ಸಾಲು ಸಾಲು ತಂತಿ. ಕಾಯಿಯೂ ಪುಟ್ಟದು. ತೋಟ ತೋರಿಸಿದ ಹುಡುಗ ತಾಳ್ಮೆಯಿಂದ ಹೇಳಿದ: "ಕಾಯಿ ಚಿಕ್ಕದಿದ್ದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ ಅಮ್ಮ. ಬಣ್ಣ, ಒಗರು ಹೆಚ್ಚಾಗಿ ಸಿಪ್ಪೆಯಲ್ಲೇ ಇರೋದು." ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸಿದರೂ ಬೆಳೆ ತೆಗೆಯೋದು ಒಂದೇ ಅಂದಾಗ ಅಮ್ಮನಿಗೆ ಆಶ್ಚರ್ಯ. ಬೆಂಗಳೂರು ನೀಲಿ ಎರಡು ಬೆಳೆ ಕೊಡುತ್ತದೆ ಅಲ್ವಾ. ಕಡಿಮೆ ಕಾಯಿ ಬಿಟ್ಟರೆ ರುಚಿ ಗಟ್ಟಿ ಅನ್ನೋದು ಇವರ ಲೆಕ್ಕ.

ಒಳಗೆ ಎತ್ತರದ ಸ್ಟೀಲ್ ಟ್ಯಾಂಕುಗಳು, ಆಮೇಲೆ ಓಕ್ ಮರದ ಪೀಪಾಯಿಗಳ ತಂಪು ಕೋಣೆ. ಬಿಳಿ ವೈನಿಗೆ ದ್ರಾಕ್ಷಿ ಹಿಂಡಿ ರಸ ಮಾತ್ರ ಹುದುಗಿಸುತ್ತಾರೆ. ಕೆಂಪಿಗೆ ಸಿಪ್ಪೆ, ಬೀಜದ ಜೊತೆಗೇ. "ಹೌದಲ್ಲ, ಕಪ್ಪು ದ್ರಾಕ್ಷಿಯೂ ಒಳಗೆ ಬಿಳಿಚೇ" ಅಂದರು ಅಮ್ಮ.

ರುಚಿ ನೋಡುವಾಗ ಬಿಳಿಯದು ಮೊದಲು, ಕೆಂಪು ಆಮೇಲೆ. ಗ್ಲಾಸಿನ ಕಾಲು ಹಿಡಿದು, ತಿರುಗಿಸಿ, ಮೂಗಿನ ಹತ್ತಿರ ತಂದು, ಆಮೇಲೆ ಒಂದು ಗುಟುಕು. ನಾನು ನಡುನಡುವೆ ನೀರು ಕುಡಿದೆ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ. ಸುವಿನ್ಯೋ ಬ್ಲಾಂಕ್ ಅನ್ನೋ ಬಿಳಿ ವೈನ್ ನನಗೆ ಹಿಡಿಸಿತು, ಹುಳಿ ಚೆನ್ನಾಗಿತ್ತು. ಶಿರಾಜ್ ಅನ್ನೋ ಕೆಂಪು ವೈನಿನ ಗ್ಲಾಸನ್ನು ಅಮ್ಮನ ಮೂಗಿನ ಹತ್ತಿರ ಹಿಡಿದೆ. ಕಣ್ಣು ಮುಚ್ಚಿ ಎಳೆದುಕೊಂಡರು. "ಇದಕ್ಕೆ ಕರಿಮೆಣಸು ಹಾಕ್ತಾರಾ?" ಆ ಹುಡುಗನ ಮುಖ ಅರಳಿತು. ಏನೂ ಹಾಕೋದಿಲ್ಲ, ಶಿರಾಜ್ ದ್ರಾಕ್ಷಿಯ ಗುಣವೇ ಅದು. ಎಷ್ಟೋ ಜನಕ್ಕೆ ಗೊತ್ತಾಗದ ವಾಸನೆಯನ್ನು ಕುಡಿಯದ ಅಮ್ಮ ಹಿಡಿದಿದ್ದರು. ನನಗಂತೂ ಹೆಮ್ಮೆಯಾಯಿತು.

ಒಂದು ಬಾಟಲಿ ಕೊಂಡೆ. ಕಾರ್ಕ್ ಒಣಗದಿರಲಿ ಅಂತ ಮನೆಯಲ್ಲಿ ಅಡ್ಡ ಮಲಗಿಸಿ ಇಟ್ಟಿದ್ದೇನೆ. ಹಿಂದಿರುಗುವಾಗ ರಸ್ತೆ ಬದಿಯಲ್ಲಿ ಅಮ್ಮ ಕಾರು ನಿಲ್ಲಿಸಿ ಎರಡು ಕಿಲೋ ನೀಲಿ ದ್ರಾಕ್ಷಿ ತಗೊಂಡರು, ಒಂದೊಂದು ಗೊಂಚಲನ್ನೂ ಎತ್ತಿ ಮೂಸಿ ನೋಡಿ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಗೆ ಹೊತ್ತು ಸಾಲಲಿಲ್ಲ. ಅದಕ್ಕೆ ಜುಲೈನಲ್ಲಿ ಹೋಗೋಣ, ಅಷ್ಟೊತ್ತಿಗೆ ನೀಲಿಯ ಎರಡನೇ ಬೆಳೆಯೂ ಬಂದಿರುತ್ತೆ ಅಂತ ಅಮ್ಮನೇ ಹೇಳಿದ್ದಾರೆ.