ಭಾನುವಾರದ ಪಂದ್ಯಕ್ಕೆ ಜೂನ್‌ನಲ್ಲೇ ಉತ್ತರ

ಮುಂಬೈಯ ಶಾಲಾ ಕ್ರಿಕೆಟ್, ಅಂದರೆ ಗೈಲ್ಸ್ ಮತ್ತು ಹ್ಯಾರಿಸ್ ಶೀಲ್ಡ್ ಪಂದ್ಯಗಳು, ಹೆಚ್ಚಾಗಿ ವಾರದ ದಿನಗಳಲ್ಲೇ ನಡೆಯುತ್ತವೆ. ಕಷ್ಟ ಕ್ಲಬ್ ಪಂದ್ಯಗಳದ್ದು. ಅವು ಭಾನುವಾರವೇ ಬರುತ್ತವೆ. ನಮ್ಮ ಮನೆ ಮುಂಬೈಯ ಹೊರವಲಯದ ಡೊಂಬಿವಲಿಯಲ್ಲಿ, ಮಗ ಆಡುವುದು ದೂರದ ದಕ್ಷಿಣ ಮುಂಬೈಯ ಆಜಾದ್ ಮೈದಾನದಲ್ಲಿ. ಪಂದ್ಯ, ಚರ್ಚಿನ ಆರಾಧನೆ ಎರಡನ್ನೂ ಒಂದೇ ದಿನ ಮುಗಿಸೋಣವೆಂದರೆ, ಹಳಿ ದುರಸ್ತಿಗಾಗಿ ರೈಲುಗಳನ್ನು ಕಡಿತಗೊಳಿಸುವ ಮಧ್ಯ ರೈಲ್ವೆಯ ಮೆಗಾ ಬ್ಲಾಕ್ ಕೂಡ ಭಾನುವಾರವೇ. ನಮ್ಮ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ದೇವಾಲಯವಿಲ್ಲ. ಬೇರೊಂದು ಸಭೆಯ ಕಟ್ಟಡದಲ್ಲಿ ಬೆಳಗಿನ ಒಂದು ಹೊತ್ತು ನಮ್ಮದು. ಅದು ತಪ್ಪಿದರೆ ಮುಂದಿನ ವಾರವೇ.

ಸಂಜೆ ಇಂಗ್ಲಿಷ್ ಆರಾಧನೆ ಇದೆಯಲ್ಲ ಎನ್ನುತ್ತಾರೆ. ಇದೆ, ಹೋಗುತ್ತೇವೆ ಕೂಡ. ಆದರೆ ಗದಗ-ಬೆಟಗೇರಿಯ ಅಜ್ಜ ಹಾಡುತ್ತಿದ್ದ ಕೀರ್ತನೆಗಳನ್ನು ಮಗ ಹತ್ತು ಜನರ ನಡುವೆ ಗಟ್ಟಿಯಾಗಿ ಹಾಡುವುದು, ಸತ್ಯವೇದವನ್ನು ಕನ್ನಡದಲ್ಲಿ ನಿಂತು ಓದುವುದು ಈ ಊರಿನಲ್ಲಿ ಆ ಒಂದೇ ಹೊತ್ತಿನಲ್ಲಿ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಹಾಗಾಗಿ ಪ್ರತಿ ಜೂನ್‌ನಲ್ಲಿ, ಪಂದ್ಯಪಟ್ಟಿ ಬರುವ ಮೊದಲೇ, ಎಲ್ಲರೂ ಕುಳಿತು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವಿರುವ ತಿಂಗಳ ಮೊದಲ ಭಾನುವಾರ, ಈಸ್ಟರ್, ಬೆಳೆ ಹಬ್ಬ: ಆ ದಿನಗಳಲ್ಲಿ ಆಟವಿಲ್ಲ. ಉಳಿದ ಭಾನುವಾರಗಳಲ್ಲಿ ಪಂದ್ಯವಿದ್ದರೆ ಹೋಗಬಹುದು, ಬರೀ ನೆಟ್ ಅಭ್ಯಾಸಕ್ಕೆ ಹೋಗುವಂತಿಲ್ಲ. ಇದನ್ನು ತರಬೇತುದಾರರಿಗೆ ಹೇಳುವವನು ಮಗನೇ, ನಾವಲ್ಲ. ಮೊದಲೇ ತಿಳಿದಿದ್ದರೆ ಅವರು ಬೇರೆ ಹುಡುಗನನ್ನು ಸಿದ್ಧಮಾಡುತ್ತಾರೆ. ಪಂದ್ಯದ ಬೆಳಿಗ್ಗೆ ಹೇಳಿದರೆ ಇಡೀ ತಂಡಕ್ಕೆ ಅನ್ಯಾಯ.

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಕ್ರೈಸ್ತ ಓಟಗಾರ ಎರಿಕ್ ಲಿಡೆಲ್ ಭಾನುವಾರದ ಓಟ ಬೇಡವೆಂದು 100 ಮೀಟರ್ ಬಿಟ್ಟು, 400 ಮೀಟರ್‌ನಲ್ಲಿ 47.6 ಸೆಕೆಂಡುಗಳಲ್ಲಿ ಚಿನ್ನ ಗೆದ್ದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಗನಿಗೆ ನಾನು ಒತ್ತಿ ಹೇಳುವುದು ಚಿನ್ನದ ಮಾತನ್ನಲ್ಲ. ವೇಳಾಪಟ್ಟಿ ತಿಂಗಳುಗಳ ಮೊದಲೇ ತಿಳಿದಿತ್ತು; ಆತ ಆಗಲೇ ನಿರ್ಧರಿಸಿ 400 ಮೀಟರ್‌ಗೆ ತಯಾರಿ ನಡೆಸಿದ.

ಪಂದ್ಯವಿರುವ ವಾರ ಶನಿವಾರ ರಾತ್ರಿ ಕುಟುಂಬ ಪ್ರಾರ್ಥನೆ ಸ್ವಲ್ಪ ದೀರ್ಘ. ಮರುದಿನ ಸಭೆಯಲ್ಲಿ ಓದುವ ಭಾಗವನ್ನು ಅವನೇ ಓದುತ್ತಾನೆ. ಬೆಳಿಗ್ಗೆ ನನ್ನ ಗಂಡ ಅವನೊಂದಿಗೆ ಮೈದಾನಕ್ಕೆ, ನಾನು ಮಗಳೊಂದಿಗೆ ಸಭೆಗೆ. ಮನೆಯವರೆಲ್ಲ ಒಟ್ಟಿಗೆ ಗೈರಾಗುವುದಿಲ್ಲ, ಅದು ಖಂಡಿತ.

ಕಳೆದ ವರ್ಷ ಸೆಮಿಫೈನಲ್ ಮೊದಲ ಭಾನುವಾರವೇ ಬಿತ್ತು. ಅವನು ಆಡಲಿಲ್ಲ, ತಂಡ ಸೋತಿತು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆ ನೋವು ನನಗೂ ತಟ್ಟಿತು. ಈ ಜೂನ್‌ನಲ್ಲಿ, ಫೈನಲ್ ಬಂದರೆ ಏನು ಎಂದು ಕೇಳಿದ. ಅದಕ್ಕೂ ಇದೇ ಉತ್ತರ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ತರಬೇತುದಾರರಿಗೆ ಫೋನ್ ಮಾಡಿದ.